ಮಾಲಿಯ ಕೆಸರು ಬಟ್ಟೆ: ಬಿಳಿ ಗೆರೆಗಳನ್ನು ಬಿಳಿ ಬಣ್ಣದಲ್ಲಿ ಬರೆಯುತ್ತಾರಾ?

ಇಲ್ಲ. ಪಶ್ಚಿಮ ಆಫ್ರಿಕಾದ ಮಾಲಿ ದೇಶದಲ್ಲಿ ಬಮನಾ ಹೆಂಗಸರು ತಲೆಮಾರುಗಳಿಂದ ಬರೆಯುತ್ತ ಬಂದ ಬೊಗೊಲನ್‌ಫಿನಿ ಬಟ್ಟೆಯ ಫೋಟೊ ನೋಡಿದರೆ ಹಾಗೆ ಅನಿಸುತ್ತದೆ, ಅಷ್ಟೇ. ನಡೆಯುವುದು ತದ್ವಿರುದ್ಧ.

ಹತ್ತಿ ಬಟ್ಟೆಯನ್ನು ಮೊದಲು ಎಲೆಗಳ ಕಷಾಯದಲ್ಲಿ ಅದ್ದಿ ಹಳದಿ ಮಾಡುತ್ತಾರೆ. ಆ ಮರ ನಮ್ಮ ದಿಂಡಿಗದ ಹತ್ತಿರದ ಸಂಬಂಧಿ. ಎಲೆಯಲ್ಲಿ ಟ್ಯಾನಿನ್ ಎಂಬ ಒಗರು ಅಂಶವಿದೆ. ಅದರ ಮೇಲೆ ಕಬ್ಬಿಣಾಂಶದ ಕೆಸರು ಹಚ್ಚಿದಾಗ ಎರಡೂ ಸೇರಿ ಕಪ್ಪಾಗುತ್ತದೆ. ಆಮೇಲೆ ಕೆಸರು ತೊಳೆದರೂ ಕಪ್ಪು ಹೋಗುವುದಿಲ್ಲ. (ಕಬ್ಬಿಣದ ಬಾಣಲೆಯಲ್ಲಿ ನೆಲ್ಲಿಕಾಯಿ ಕಪ್ಪಾಗುವುದೂ ಇದರಿಂದಲೇ.) ಅಂದರೆ ಕೆಸರು ತುಂಬುವುದು ಚಿತ್ತಾರಕ್ಕಲ್ಲ, ಅದರ ಸುತ್ತಲಿನ ಜಾಗಕ್ಕೆ. ಉಳಿದ ಹಳದಿ ಗೆರೆಗಳಿಗೆ ಸೋಡಾ ಬೆರೆಸಿದ ದ್ರಾವಣ ಸವರಿದರೆ ಬಿಳಿ ಎದ್ದು ಬರುತ್ತದೆ.

ಬೇಟೆಗಾರರು, ಬಾಣಂತಿಯರು ರಕ್ಷೆಯೆಂದು ತೊಡುತ್ತಿದ್ದ ಬಟ್ಟೆಯಿದು. ‘ಮಡ್ ಕ್ಲಾತ್’ ಹೆಸರಲ್ಲಿ ಈಗ ಮಷಿನ್ ಪ್ರಿಂಟ್ ಕೂಡ ಮಾರುತ್ತಾರೆ. ಕೊಳ್ಳುವ ಮುನ್ನ ತಿರುಗಿಸಿ ನೋಡಿ: ಅಸಲಿಯಲ್ಲಿ ಗೇಣಿಗಿಂತ ಕಿರಿದಾದ ಕೈಮಗ್ಗದ ಪಟ್ಟಿಗಳನ್ನು ಜೋಡಿಸಿದ ಹೊಲಿಗೆ ಕಾಣುತ್ತದೆ.