ಫಲಿತಾಂಶದ ಗಳಿಗೆಯ ದಟ್ಟಣೆ ಮತ್ತು ನೆರೆಹೊರೆಯ ಕ್ಯಾಶ್: ದಾವಣಗೆರೆ–ಹರಿಹರದ ನೆಲೆಯಿಂದ ಒಂದು ಪರಿಶೀಲನೆ

2024ರ ಮೇ 9ರಂದು ಎಸ್ಸೆಸ್ಸೆಲ್ಸಿ ಪರೀಕ್ಷೆ-1ರ ಫಲಿತಾಂಶ ಹೊರಬಿತ್ತು. ಹಾಜರಾಗಿದ್ದವರು 8,59,967, ತೇರ್ಗಡೆಯಾದವರು 6,31,204. ಇಷ್ಟು ಮಕ್ಕಳ ಅಂಕಗಳು ಪ್ರತಿವರ್ಷ ಹೀಗೆ ಗೊತ್ತುಪಡಿಸಿದ ಗಳಿಗೆಯಲ್ಲಿ ಒಟ್ಟಿಗೆ ತೆರೆದುಕೊಳ್ಳುತ್ತವೆ. ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಮೊಬೈಲ್ ಹಿಡಿದು ಕುಳಿತ ಹುಡುಗಿ, ಹರಿಹರದ ಜೆರಾಕ್ಸ್ ಅಂಗಡಿಯ ಮುಂದೆ ನಿಂತ ತಂದೆ, ಮಲೇಬೆನ್ನೂರಿನ ಶಾಲೆಯ ಮುಖ್ಯೋಪಾಧ್ಯಾಯರು, ಎಲ್ಲರೂ ಅದೇ ನಿಮಿಷದಲ್ಲಿ ಅದೇ ಜಾಲತಾಣದ ಬಾಗಿಲು ತಟ್ಟುತ್ತಾರೆ. ಪುಟ ಸುತ್ತುತ್ತಲೇ ಇರುತ್ತದೆ. ‘ಸರ್ವರ್ ಬ್ಯುಸಿ’ ಎಂಬ ಮಾತು ಆ ಹೊತ್ತಿಗೆ ಊರಿನ ಎಲ್ಲ ಬಾಯಲ್ಲೂ ಕೇಳಿಬರುತ್ತದೆ.

ಇಂಥ ದಿಢೀರ್ ದಟ್ಟಣೆಯನ್ನು ತಾಳಿಕೊಳ್ಳಲು, ಪುಟವನ್ನು ಮೊದಲು ಪಡೆದವರ ಕಂಪ್ಯೂಟರಿನಿಂದಲೇ ಅದನ್ನು ನಂತರದವರಿಗೆ ಒದಗಿಸುವ ಪಿಯರ್-ಟು-ಪಿಯರ್ ಕ್ಯಾಶಿಂಗ್ ಎಂಬ ವಿಧಾನವನ್ನು ಎರಡು ದಶಕಗಳ ಹಿಂದೆ ಸಂಶೋಧಕರು ಬಹಳ ಆಸ್ಥೆಯಿಂದ ಬೆಳೆಸಿದರು. ನಮ್ಮ ಜಿಲ್ಲಾ ಕೇಂದ್ರ ಮತ್ತು ತಾಲ್ಲೂಕುಗಳ ಸ್ಥಿತಿಗೆ ಅದು ಎಷ್ಟು ಒಗ್ಗುತ್ತದೆ ಎಂಬುದು ಈ ಲೇಖನದ ಪ್ರಶ್ನೆ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಮೊಬೈಲಿನಿಂದ ಮೊಬೈಲಿಗೆ ಪುಟ ಹಂಚುವ ಕನಸು ಇಲ್ಲಿ ಕೈಗೂಡುವುದು ಕಷ್ಟ. ಆದರೆ ಶಾಲೆ, ಕಾಲೇಜು, ಹಾಸ್ಟೆಲ್ಲುಗಳನ್ನೇ ಪ್ರತಿ ಇಟ್ಟುಕೊಳ್ಳುವ ನೆಲೆಗಳನ್ನಾಗಿ ಮಾಡಿದರೆ ಅದೇ ತತ್ತ್ವ ಫಲ ಕೊಡುತ್ತದೆ.

ದಟ್ಟಣೆಯ ಲೆಕ್ಕ

ಸಮಸ್ಯೆಯ ಗಾತ್ರ ತಿಳಿಯಲು ಒಂದು ಊಹೆಯ ಲೆಕ್ಕ ಮಾಡೋಣ. ಫಲಿತಾಂಶದ ಪುಟ ಚಿತ್ರ, ಲಾಂಛನ, ವಿನ್ಯಾಸದ ಕಡತಗಳೆಲ್ಲ ಸೇರಿ 300 ಕಿಲೋಬೈಟ್ ಇದೆ, ಅದನ್ನು ತರಲು ಬ್ರೌಸರ್ 20 ಬಾರಿ ಕೋರಿಕೆ ಕಳಿಸುತ್ತದೆ ಎಂದುಕೊಳ್ಳೋಣ. ಪರೀಕ್ಷೆ ಬರೆದವರಲ್ಲಿ ಅರ್ಧದಷ್ಟು, ಅಂದರೆ 4.3 ಲಕ್ಷ ಮಂದಿ, ಮೊದಲ ಹತ್ತು ನಿಮಿಷದಲ್ಲಿ ಬಂದರೆ ಸೆಕೆಂಡಿಗೆ ಸುಮಾರು 14,300 ಕೋರಿಕೆಗಳು, 1.7 ಗಿಗಾಬಿಟ್ ದತ್ತಾಂಶ. ಇದು ಎಲ್ಲವೂ ಸುಸೂತ್ರವಾಗಿ ನಡೆದಾಗಿನ ಮಾತು. ಪುಟ ತೆರೆಯದಿದ್ದರೆ ಯಾರೂ ಸುಮ್ಮನೆ ಕೂರುವುದಿಲ್ಲ. ಮತ್ತೆ ಮತ್ತೆ ರಿಫ್ರೆಶ್ ಮಾಡುತ್ತಾರೆ, ಅಣ್ಣನ ಮೊಬೈಲಿನಲ್ಲೂ ಪಕ್ಕದ ಮನೆಯವರ ಮೊಬೈಲಿನಲ್ಲೂ ಪ್ರಯತ್ನಿಸುತ್ತಾರೆ. ಒಬ್ಬೊಬ್ಬರು ಐದು ಸಲ ಒತ್ತಿದರೆ ಬೇಡಿಕೆ ಐದು ಪಟ್ಟಾಗುತ್ತದೆ. ಸರ್ವರ್ ಸೋತಷ್ಟೂ ಅದರ ಮೇಲಿನ ಹೊರೆ ಏರುತ್ತದೆ. ಈ ರೋಗದ ಕೇಡು ಇರುವುದೇ ಇಲ್ಲಿ.

ಇನ್ನು ಆ 300 ಕಿಲೋಬೈಟಿನಲ್ಲಿ ವಿದ್ಯಾರ್ಥಿಗೆ ನಿಜವಾಗಿ ಬೇಕಾದದ್ದು ಎಷ್ಟು? ಹೆಸರು, ನೋಂದಣಿ ಸಂಖ್ಯೆ, ಆರು ವಿಷಯಗಳ ಅಂಕ, ಒಟ್ಟು, ದರ್ಜೆ. ಒಂದು ಕಿಲೋಬೈಟಿನಲ್ಲಿ ಧಾರಾಳವಾಗಿ ಹಿಡಿಸುತ್ತದೆ. ರಾಜ್ಯದ ಎಲ್ಲ ಮಕ್ಕಳ ಅಂಕಗಳನ್ನು ಸೇರಿಸಿದರೂ ಒಂದು ಗಿಗಾಬೈಟ್ ಆಗದು. ಅಗ್ಗದ ಪೆನ್‌ಡ್ರೈವಿನಲ್ಲೂ ಜಾಗ ಉಳಿಯುತ್ತದೆ. ಉಳಿದ 299 ಕಿಲೋಬೈಟ್ ಎಲ್ಲರಿಗೂ ಒಂದೇ. ಆ ಸಮಾನ ಭಾಗ ಬೇರೆ ಕಡೆಯಿಂದ ಸಿಕ್ಕಿ, ಮೂಲ ಸರ್ವರಿಗೆ ಒಂದು ಕಿಲೋಬೈಟಿನ ಒಂದೇ ಕೋರಿಕೆ ಬರುವಂತಾದರೆ ಸೆಕೆಂಡಿಗೆ ಬರುವ ಕೋರಿಕೆ 720ರ ಆಸುಪಾಸಿಗೆ ಇಳಿಯುತ್ತದೆ. ಮೊದಲೇ ಸಿದ್ಧಪಡಿಸಿಟ್ಟ ಕಡತಗಳಾದರೆ ಇಷ್ಟನ್ನು ಸಾಧಾರಣ ಸರ್ವರ್ ಒಂದೇ ನಿಭಾಯಿಸಬಲ್ಲದು. ಸಮಾನವಾದದ್ದನ್ನೂ ಸ್ವಂತದ್ದನ್ನೂ ಬೇರ್ಪಡಿಸದೆ ಯಂತ್ರಗಳ ಸಂಖ್ಯೆಯನ್ನಷ್ಟೇ ಹೆಚ್ಚಿಸುವುದು ದುಬಾರಿ ದಾರಿ.

ಎಲ್ಲ ದಟ್ಟಣೆಯೂ ಈ ಬಗೆಯದಲ್ಲ. 2023ರಲ್ಲಿ ಗೃಹಜ್ಯೋತಿ ಯೋಜನೆಗಾಗಿ ಸೇವಾಸಿಂಧುವಿನಲ್ಲಿ ನೋಂದಣಿ ಶುರುವಾದಾಗ ಜನ ಮುಗಿಬಿದ್ದದ್ದು ಮಾಹಿತಿ ಪಡೆಯಲಿಕ್ಕಲ್ಲ, ಮಾಹಿತಿ ತುಂಬಲಿಕ್ಕೆ. ತುಂಬುವ ಅರ್ಜಿಗೆ ಯಾವ ಕ್ಯಾಶೂ ನೆರವಾಗದು. ಅಲ್ಲಿ ಸರದಿಯೇ ಪರಿಹಾರ. ಅದೇ ವರ್ಷದ ಜುಲೈನಲ್ಲಿ ಗೃಹಲಕ್ಷ್ಮಿ ನೋಂದಣಿಗೆ ದಿನ, ಸಮಯ, ಕೇಂದ್ರವನ್ನು ಎಸ್‌ಎಂಎಸ್ ಮೂಲಕ ತಿಳಿಸುವ ಕ್ರಮ ತಂದದ್ದು ಸರಿಯಾದ ಹೆಜ್ಜೆಯೇ ಆಗಿತ್ತು. ಫಲಿತಾಂಶಕ್ಕೆ ಸರದಿ ಹಚ್ಚಲಾಗದು. ಪಕ್ಕದ ಮನೆಯ ಹುಡುಗನಿಗೆ ಬೆಳಿಗ್ಗೆ, ನಿನಗೆ ಸಂಜೆ ಎಂದರೆ ಯಾವ ತಾಯಿಯೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ.

ಸಂಶೋಧನೆ ನಡೆದ ದಾರಿ

ಇಂಥ ಜನಜಂಗುಳಿಗೆ ‘ಫ್ಲ್ಯಾಶ್ ಕ್ರೌಡ್’ ಎಂಬ ಹೆಸರು ಬಂದದ್ದು ಲ್ಯಾರಿ ನಿವೆನ್ 1973ರಲ್ಲಿ ಬರೆದ ಕಿರುಕಾದಂಬರಿಯಿಂದ. ಅದು ಗಂಭೀರ ಸಂಶೋಧನೆಯ ವಸ್ತುವಾದದ್ದು 2001ರ ಸೆಪ್ಟೆಂಬರ್ 11ರ ನಂತರ. ಅಂದು ಜಗತ್ತಿನ ದೊಡ್ಡ ಸುದ್ದಿತಾಣಗಳೇ ಗಂಟೆಗಟ್ಟಲೆ ತೆರೆಯದಾದವು. ಮರುವರ್ಷ ಈ ವಿಷಯದ ಮೇಲೆ ಒಂದರ ಹಿಂದೊಂದು ಪ್ರಬಂಧಗಳು ಬಂದವು. ವೆಂಕಟ ಪದ್ಮನಾಭನ್ ಮತ್ತು ಕುನ್‌ವದೀ ಶ್ರೀಪಾನಿದ್‌ಕುಲ್‌ಚೈ ‘ಕೂಪ್‌ನೆಟ್’ ಮಂಡಿಸಿದರು. ಹೊರೆ ಮಿತಿ ಮೀರಿದಾಗ ಸರ್ವರ್ ತಾನೇ ಪುಟ ಕೊಡುವ ಬದಲು, ಆಗಲೇ ಪುಟ ಪಡೆದಿರುವವರ ವಿಳಾಸವನ್ನು ಹೊಸಬರಿಗೆ ಕೊಡುತ್ತದೆ. ಆ ದಿನದ ಸುದ್ದಿತಾಣದ ದಾಖಲೆಗಳನ್ನೇ ಬಳಸಿದ ಅವರಿಗೆ, ಇಕ್ಕಟ್ಟಾಗುವುದು ಮುಖ್ಯವಾಗಿ ಸರ್ವರಿನ ಸಂಪರ್ಕಜಾಲದ ಸಾಮರ್ಥ್ಯ ಎಂಬುದು ಕಂಡಿತು. ಪದ್ಮನಾಭನ್ ಮುಂದೆ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರಕ್ಕೆ ಬಂದರು ಎಂಬುದನ್ನು ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಿಳಿದಿರಬೇಕು.

ಅದೇ 2002ರಲ್ಲಿ ಸ್ಟ್ಯಾನ್‌ಫರ್ಡಿನ ಟೈರನ್ ಸ್ಟೇಡಿಂಗ್, ಪೆಟ್ರೋಸ್ ಮನಿಯಾಟಿಸ್, ಮೇರಿ ಬೇಕರ್ ‘ಬ್ಯಾಕ್‌ಸ್ಲ್ಯಾಶ್’ ಎಂಬ ವ್ಯವಸ್ಥೆ ಸೂಚಿಸಿದರು. ಸಣ್ಣ ಜಾಲತಾಣಗಳು ಒಂದು ಕೂಟ ಕಟ್ಟಿಕೊಂಡು, ಒಂದಕ್ಕೆ ಕಷ್ಟ ಬಂದಾಗ ಉಳಿದವು ಅದರ ಪ್ರತಿಗಳನ್ನು ಹೊತ್ತುಕೊಳ್ಳುವ ಏರ್ಪಾಡು ಅದು. ನಮ್ಮ ಪರಿಸ್ಥಿತಿಗೆ ಇನ್ನೂ ಹತ್ತಿರವಾದದ್ದು ಸೀತಾರಾಂ ಅಯ್ಯರ್, ಆಂಟನಿ ರೌಸ್ಟ್ರನ್, ಪೀಟರ್ ಡ್ರುಶೆಲ್ ರೂಪಿಸಿದ ‘ಸ್ಕ್ವಿರಲ್’. ಒಂದು ಸಂಸ್ಥೆಯೊಳಗಿನ ಕಂಪ್ಯೂಟರುಗಳ ಬ್ರೌಸರ್ ಕ್ಯಾಶುಗಳನ್ನೆಲ್ಲ ಬೆಸೆದು, ಪ್ರತ್ಯೇಕ ಯಂತ್ರವಿಲ್ಲದೆಯೇ ಇಡೀ ಸಂಸ್ಥೆಗೆ ಒಂದು ದೊಡ್ಡ ಕ್ಯಾಶ್ ಮಾಡುವುದು ಅದರ ಉದ್ದೇಶ. ಪ್ರತಿ ಪುಟದ ವಿಳಾಸದಿಂದ ಒಂದು ಸಂಖ್ಯೆ ಲೆಕ್ಕಹಾಕಿ, ಆ ಸಂಖ್ಯೆಗೆ ಅತಿ ಸಮೀಪದ ಗುರುತುಳ್ಳ ಕಂಪ್ಯೂಟರ್ ಆ ಪುಟದ ಮನೆ ಎಂದು ಗೊತ್ತುಮಾಡುತ್ತಾರೆ. ಯಾರನ್ನೂ ಕೇಳದೆ ಎಲ್ಲರೂ ಅದೇ ಮನೆಗೆ ಹೋಗಬಹುದು. 105 ಕಂಪ್ಯೂಟರುಗಳ ಕಚೇರಿಯ ದಾಖಲೆಯಲ್ಲೂ 36 ಸಾವಿರಕ್ಕೂ ಮೀರಿದ ಕಂಪ್ಯೂಟರುಗಳ ಕಚೇರಿಯ ದಾಖಲೆಯಲ್ಲೂ ಪರೀಕ್ಷಿಸಿದಾಗ, ಹಣ ಹಾಕಿ ಕೂರಿಸುವ ಕೇಂದ್ರೀಯ ಕ್ಯಾಶಿಗೆ ಅದು ಸಾಟಿಯಾಯಿತು.

2004ರಲ್ಲಿ ಮೈಕಲ್ ಫ್ರೀಡ್‌ಮನ್ ಮತ್ತು ಸಂಗಡಿಗರು ನ್ಯೂಯಾರ್ಕ್ ವಿಶ್ವವಿದ್ಯಾಲಯದಿಂದ ಹೊರತಂದ ‘ಕೋರಲ್’ ಮಾತ್ರ ಪ್ರಬಂಧದ ಆಚೆಗೂ ಬಾಳಿತು. ಜಾಲತಾಣದ ವಿಳಾಸಕ್ಕೆ ಒಂದು ಬಾಲ ಜೋಡಿಸಿದರೆ ಸಾಕು, ಪುಟ ಕೋರಲ್ ಜಾಲದ ಮೂಲಕ ಬರುತ್ತಿತ್ತು. ಐದು ವರ್ಷಗಳ ಅನುಭವವನ್ನು ಫ್ರೀಡ್‌ಮನ್ 2010ರಲ್ಲಿ ಬರೆದ ಪ್ರಬಂಧ ನನ್ನ ಮಟ್ಟಿಗೆ ಈ ಕ್ಷೇತ್ರದ ಅತ್ಯಂತ ಪ್ರಾಮಾಣಿಕ ಬರಹ. ಯಂತ್ರಗಳು ಪರಸ್ಪರ ಕೇಳಿ ಪಡೆಯುವ ಜಾಣ ವ್ಯವಸ್ಥೆ ನಿರೀಕ್ಷಿಸಿದಷ್ಟು ಬಳಕೆಗೆ ಬಂದಿರಲಿಲ್ಲ. ಬಹುಪಾಲು ಬೇಡಿಕೆಯನ್ನು ಆಯಾ ಯಂತ್ರದ ಸ್ವಂತ ಕ್ಯಾಶೇ ತೀರಿಸಿತ್ತು. ನಾನು ಅದರಿಂದ ತೆಗೆದುಕೊಳ್ಳುವ ಪಾಠ ಇದು: ಪ್ರತಿ ಹತ್ತಿರದಲ್ಲಿರುವುದು ಮುಖ್ಯ, ಅದನ್ನು ಹುಡುಕುವ ಜಾಣ್ಮೆ ಆಮೇಲಿನದು. ದಾವಣಗೆರೆಯವರಿಗೆ ಇದು ತಿಳಿಯದ್ದಲ್ಲ. ಭದ್ರಾ ನಾಲೆ ಹರಿಯುವಾಗ ಕುಂದವಾಡ ಕೆರೆ ತುಂಬಿಸಿಟ್ಟು, ನಾಲೆ ನಿಂತ ದಿನಗಳಲ್ಲಿ ಊರಿಗೆ ಆ ನೀರು ಕೊಡುತ್ತಾರೆ. ನಲ್ಲಿ ತಿರುಗಿಸಿದವರ ಕೈ ಲಕ್ಕವಳ್ಳಿಯ ಅಣೆಕಟ್ಟೆಯವರೆಗೆ ಚಾಚಬೇಕಿಲ್ಲ.

ಮೊಬೈಲುಗಳ ನಡುವೆ ಏಕೆ ಕಷ್ಟ

ಇವೆಲ್ಲ ಮೇಜಿನ ಮೇಲಿನ ಕಂಪ್ಯೂಟರುಗಳ ಕಾಲದ ವಿನ್ಯಾಸಗಳು. ಇಂದು ಹರಿಹರದಲ್ಲಿ ಫಲಿತಾಂಶ ನೋಡುವವರಲ್ಲಿ ಹೆಚ್ಚಿನವರ ಕೈಯಲ್ಲಿರುವುದು ಮೊಬೈಲ್. ಮೊಬೈಲ್ ಕಂಪನಿಗಳು ಸಾವಿರಾರು ಗ್ರಾಹಕರನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಇಟ್ಟಿರುವುದರಿಂದ ಒಂದು ಮೊಬೈಲ್ ಇನ್ನೊಂದನ್ನು ನೇರವಾಗಿ ಮುಟ್ಟುವುದು ಸುಲಭವಲ್ಲ. ಬ್ರೌಸರುಗಳ ನಡುವೆ ನೇರ ಸಂಪರ್ಕ ಕಲ್ಪಿಸುವ ವೆಬ್‌ಆರ್‌ಟಿಸಿ 2021ರಲ್ಲಿ ಅಧಿಕೃತ ಮಾನಕವಾಯಿತು, ನಿಜ. ಆದರೆ ಇಬ್ಬರನ್ನು ಪರಿಚಯಿಸಲು ನಡುವೆ ಮತ್ತೊಂದು ಸರ್ವರ್ ಬೇಕು. ಫಲಿತಾಂಶದ ಗಳಿಗೆಯಲ್ಲಿ ಆ ಪರಿಚಯದ ಸರ್ವರಿನ ಮುಂದೆಯೂ ಅದೇ ನೂಕುನುಗ್ಗಲು. ಎದುರಿನವರ ವಿಳಾಸ ಪರಸ್ಪರ ಬಯಲಾಗುತ್ತದೆ. ಸಾಲದ್ದಕ್ಕೆ, ಪುಟ ಸಿಕ್ಕ ಕೂಡಲೇ ಹುಡುಗರು ಸ್ಕ್ರೀನ್‌ಶಾಟ್ ತೆಗೆದು ಬ್ರೌಸರ್ ಮುಚ್ಚಿಬಿಡುತ್ತಾರೆ. ಹಂಚಬೇಕಾದ ಯಂತ್ರವೇ ಆ ಹೊತ್ತಿಗೆ ಜಾಲದಲ್ಲಿರುವುದಿಲ್ಲ.

ಎರಡನೆಯ ತೊಡಕು ಗೂಢಲಿಪಿ. ಸ್ಕ್ವಿರಲ್ ಕಾಲದಲ್ಲಿ ಪುಟಗಳು ತೆರೆದ ರೂಪದಲ್ಲಿ ಹರಿಯುತ್ತಿದ್ದವು. ಇಂದು ಹೆಚ್ಚುಕಡಿಮೆ ಎಲ್ಲವೂ ಎಚ್‌ಟಿಟಿಪಿಎಸ್. ನಡುವಿನ ಯಾವ ಯಂತ್ರವೂ ಅದನ್ನು ಓದಲಾರದು, ಆದ್ದರಿಂದ ಇಟ್ಟುಕೊಳ್ಳಲೂ ಆಗದು. ಲ್ಯಾಬಿನ ಕಂಪ್ಯೂಟರುಗಳಲ್ಲಿ ಕಾಲೇಜಿನದೇ ಪ್ರಮಾಣಪತ್ರ ಹಾಕಿ ಈ ಬೀಗ ತೆಗೆಯಬಹುದು, ಆದರೆ ಹಾಗೆ ಮಾಡಿದರೆ ವಿದ್ಯಾರ್ಥಿಗಳ ಬ್ಯಾಂಕ್ ವ್ಯವಹಾರದಿಂದ ಹಿಡಿದು ಎಲ್ಲವೂ ಕಾಲೇಜಿಗೆ ಕಾಣುತ್ತದೆ. ಆ ದಾರಿಯನ್ನು ನಾನು ಸರ್ವಥಾ ಒಪ್ಪಲಾರೆ. ಪ್ರಕಟಿಸುವವರೇ ಸಮಾನ ಕಡತಗಳಿಗೆ ಸಹಿ ಹಾಕಿ, ಯಾರ ಬಳಿಯಿಂದ ಪಡೆದರೂ ಅಸಲಿಯೇ ಎಂದು ಪರೀಕ್ಷಿಸಲು ಬರುವಂತೆ ಬಿಡುಗಡೆ ಮಾಡುವುದೇ ಸರಿಯಾದ ಮಾರ್ಗ. ಇದು ಬರೀ ಸಿದ್ಧಾಂತವಲ್ಲ. 2015ರಿಂದ ವಿಂಡೋಸ್ 10ರ ಅಪ್‌ಡೇಟುಗಳು ಹೀಗೆಯೇ ಒಂದೇ ಜಾಲದ ಪಕ್ಕದ ಕಂಪ್ಯೂಟರಿನಿಂದ ಬರಬಲ್ಲವು. ಯುಬಿಡಿಟಿ ಅಥವಾ ಬಿಐಇಟಿಯಂಥ ಕಾಲೇಜಿನ ಲ್ಯಾಬಿನಲ್ಲಿ ಈ ಸೌಲಭ್ಯ ಚಾಲೂ ಮಾಡಿ, ನೆರೆಯ ಯಂತ್ರಗಳಿಂದ ಎಷ್ಟು ದತ್ತಾಂಶ ಬಂತೆಂಬುದನ್ನು ಯಾವ ವಿದ್ಯಾರ್ಥಿಯಾದರೂ ಅಳೆಯಬಹುದು.

ಅಂಕಪಟ್ಟಿಯ ಬೀಗ

ಅಂಕಗಳ ಸಂಗತಿ ಇದಕ್ಕಿಂತ ಸೂಕ್ಷ್ಮ. ಎಲ್ಲರ ಅಂಕಗಳನ್ನೂ ನೋಂದಣಿ ಸಂಖ್ಯೆ ಮತ್ತು ಜನ್ಮದಿನಾಂಕವೇ ಕೀಲಿಯಾಗುವಂತೆ ಬೀಗ ಹಾಕಿ ಊರಿಗೆಲ್ಲ ಹಂಚಿದರೆ ಸಾಲದೇ ಎಂದು ಕೇಳಬಹುದು. ಸಾಲದು. ನೋಂದಣಿ ಸಂಖ್ಯೆಗಳು ಒಂದರ ಪಕ್ಕ ಒಂದು ಬರುತ್ತವೆ. ಹತ್ತನೇ ತರಗತಿಯ ಮಕ್ಕಳು ಬಹುತೇಕ ಮೂರು ವರ್ಷಗಳ ಅಂತರದೊಳಗೆ ಹುಟ್ಟಿದವರು. ಅಂದರೆ ಸಾಧ್ಯ ದಿನಾಂಕಗಳು ಸುಮಾರು 1,100. ಅಷ್ಟನ್ನೂ ಒಂದೊಂದಾಗಿ ಪ್ರಯೋಗಿಸಲು ಕಂಪ್ಯೂಟರಿಗೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ. ಕೇಂದ್ರ ಸರ್ವರಿನಲ್ಲಾದರೆ ತಪ್ಪು ಯತ್ನಗಳನ್ನು ಎಣಿಸಿ ತಡೆಯಬಹುದು, ಕೈಗೆ ಸಿಕ್ಕ ಕಡತಕ್ಕೆ ಕಾವಲಿರುವುದಿಲ್ಲ. ಈ ಮಕ್ಕಳು ಬಹುಪಾಲು ಹದಿನೆಂಟು ತುಂಬದವರು. ದತ್ತಾಂಶ ಸಂರಕ್ಷಣೆಯ 2023ರ ಕಾಯ್ದೆಯೂ ಅವರನ್ನು ಮಕ್ಕಳೆಂದೇ ಗಣಿಸುತ್ತದೆ. ಫೇಲಾದ ಹುಡುಗನ ಅಂಕ ಬೀದಿಯಲ್ಲಿ ಓಡಾಡಬಾರದು.

ಹಾಗಾದರೆ ಅಂಕಗಳನ್ನು ಹತ್ತಿರ ಇಡುವ ಹಕ್ಕು ಯಾರದು? ಶಾಲೆಯದು. ತನ್ನ ಮಕ್ಕಳ ಫಲಿತಾಂಶವನ್ನು ನೋಡಲು, ತಿಳಿಸಲು ಶಾಲೆಗೆ ಮೊದಲಿನಿಂದಲೂ ಅಧಿಕಾರವಿದೆ. ಹಿಂದೆ ಕೆಲವು ವರ್ಷ ಫಲಿತಾಂಶ ಮೊದಲು ಜಾಲತಾಣದಲ್ಲಿ, ಮರುದಿನ ಶಾಲೆಗಳಲ್ಲಿ ಎಂಬ ಕ್ರಮವಿತ್ತು. ದಟ್ಟಣೆಯ ದೃಷ್ಟಿಯಿಂದ ಇದು ತಲೆಕೆಳಗಾದ ಕ್ರಮ, ಏಕೆಂದರೆ ಹತ್ತಿರದ ಪ್ರತಿ ಲಭ್ಯವಾಗುವ ಮೊದಲೇ ದೂರದ ಒಂದೇ ಬಾಗಿಲಿಗೆ ಎಲ್ಲರನ್ನೂ ಅದು ಕಳಿಸುತ್ತದೆ.

ನಾನು ಸೂಚಿಸುವ ವ್ಯವಸ್ಥೆ ಹೀಗಿದೆ. ಹಿಂದಿನ ರಾತ್ರಿಯೇ ಪ್ರತಿ ಶಾಲೆ ತನ್ನ ಲಾಗಿನ್ ಮೂಲಕ ತನ್ನ ಮಕ್ಕಳ ಅಂಕಗಳ ಕಡತವನ್ನು ಇಳಿಸಿಕೊಳ್ಳುತ್ತದೆ. ನೂರು ಮಕ್ಕಳ ಶಾಲೆಗೆ ಅದು 100 ಕಿಲೋಬೈಟ್. ಕಡತಕ್ಕೆ ಎರಡು ಬೀಗ: ಒಂದರ ಕೀಲಿ ಶಾಲೆಯದು, ಇನ್ನೊಂದು ಪರೀಕ್ಷಾ ಮಂಡಳಿ ಬಿಡುಗಡೆಯ ಗಳಿಗೆಯಲ್ಲಿ ಬಹಿರಂಗಪಡಿಸುವ ಕೀಲಿ. ಈ ಎರಡನೆಯ ಕೀಲಿ 32 ಬೈಟಿನ ಯಾದೃಚ್ಛಿಕ ಸಂಖ್ಯೆ. ಪ್ರತಿ ಶಾಲೆಗೂ ಬೇರೆ ಬೇರೆ ಇಟ್ಟರೂ, ಹದಿನೈದು ಸಾವಿರ ಶಾಲೆಗಳೆಂದು ಹಿಡಿದರೆ ಎಲ್ಲ ಕೀಲಿಗಳ ಪಟ್ಟಿ 480 ಕಿಲೋಬೈಟ್ ಆದೀತು. ಅದರಲ್ಲಿ ಯಾರ ಗುಟ್ಟೂ ಇಲ್ಲ. ಎಲ್ಲರಿಗೂ ಒಂದೇ ಆದ, ಚಿಕ್ಕದಾದ, ಸಹಿಯುಳ್ಳ ಕಡತ ಅದು. ಪಿಯರ್-ಟು-ಪಿಯರ್ ಕ್ಯಾಶಿಂಗಿಗೆ ಇದಕ್ಕಿಂತ ತಕ್ಕ ವಸ್ತು ಸಿಗಲಾರದು. ಒಂದು ಶಾಲೆ ಪಡೆದ ಪಟ್ಟಿಯನ್ನು ಇನ್ನೊಂದಕ್ಕೆ ವಾಟ್ಸ್‌ಆ್ಯಪಿನಲ್ಲಿ ಕಳಿಸಿದರೂ ನಡೆದೀತು. ಸಂಪರ್ಕ ಪೂರ್ತಿ ಕೈಕೊಟ್ಟ ಊರಿಗೆ ಆ ಶಾಲೆಯ ಕೀಲಿಯನ್ನು ಎಸ್‌ಎಂಎಸ್‌ನಲ್ಲಿ ಕಳಿಸಬಹುದು. ಜಿಲ್ಲೆ–ತಾಲ್ಲೂಕು ಕಚೇರಿಗಳನ್ನು ಬೆಸೆದಿರುವ ರಾಜ್ಯದ ಕೆಸ್ವಾನ್ ಜಾಲದ ಮೂಲಕ ಹರಿಹರದ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲೂ ಒಂದು ಪ್ರತಿ ಇಡಬಹುದು.

ದೋಷಗಳೂ ಇವೆ. ಮಂಡಳಿಯ ಕೀಲಿಗಳು ಮೊದಲೇ ಸೋರಿದರೆ ಆಯ್ದ ಕೆಲವು ಶಾಲೆಗಳಿಗೆ ಫಲಿತಾಂಶ ಮುಂಚೆ ತಿಳಿಯುತ್ತದೆ. ಆದ್ದರಿಂದ ಕೀಲಿಗಳು ಒಬ್ಬರ ಕೈಯಲ್ಲಿರದೆ, ಮೂವರು ಅಧಿಕಾರಿಗಳಲ್ಲಿ ಇಬ್ಬರು ಸೇರಿದಾಗಷ್ಟೇ ಹೊರಬರುವಂತೆ ಹಂಚಬೇಕು. ಖಾಸಗಿ ಅಭ್ಯರ್ಥಿಗಳಿಗೆ ಶಾಲೆಯ ಆಸರೆಯಿಲ್ಲ. ಜಾಲತಾಣವೂ ಡಿಜಿಲಾಕರೂ ಅವರಿಗಾಗಿ ತೆರೆದೇ ಇರಬೇಕು. ಬೇಸಿಗೆ ರಜೆಯಲ್ಲಿ ಶಾಲೆಯ ಬಾಗಿಲು ತೆಗೆಯುವವರು ಯಾರು ಎಂಬುದು ತಂತ್ರಜ್ಞಾನ ಬಿಡಿಸಲಾಗದ ಪ್ರಶ್ನೆ. ಅದಕ್ಕೆ ಇಲಾಖೆಯ ಸುತ್ತೋಲೆ ಬೇಕು, ಬಂದ ಶಿಕ್ಷಕರಿಗೆ ಗಳಿಕೆ ರಜೆ ಕೊಡಬೇಕು.

ಪ್ರಯೋಗಕ್ಕೆ ಒಳ್ಳೆಯ ಅವಕಾಶವಿದೆ. 2024ರಲ್ಲಿ ಎಸ್ಸೆಸ್ಸೆಲ್ಸಿಗೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಸುವ ಕ್ರಮ ಬಂತು. ಎರಡನೆಯ ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವರು ಮೊದಲನೆಯದಕ್ಕಿಂತ ಬಹಳ ಕಡಿಮೆ. ಎಡವಟ್ಟಾದರೂ ಹಾನಿ ಸಣ್ಣದು. ದಾವಣಗೆರೆ ನಗರ ಮತ್ತು ಹರಿಹರ ತಾಲ್ಲೂಕಿನ ಕೆಲವು ಶಾಲೆಗಳನ್ನು ಆರಿಸಿ, ಪರೀಕ್ಷೆ-2ರ ಫಲಿತಾಂಶದ ದಿನ ಮೂರು ಅಂಶಗಳನ್ನು ಅಳೆಯಬೇಕು: ಕೀಲಿ ಬಿಡುಗಡೆಯಾದ ಎಷ್ಟು ಸೆಕೆಂಡಿಗೆ ಶಾಲೆಯ ಕಡತ ತೆರೆಯಿತು, ಆ ಶಾಲೆಗಳ ಮಕ್ಕಳಲ್ಲಿ ಎಷ್ಟು ಮಂದಿ ಆದರೂ ಜಾಲತಾಣಕ್ಕೆ ಹೋದರು, ಹೋದವರು ಎಷ್ಟು ಸಲ ರಿಫ್ರೆಶ್ ಮಾಡಿದರು. ಮೂರನೆಯ ಅಂಕಿ ಮೂಲ ಸರ್ವರಿನ ದಾಖಲೆಯಲ್ಲಿ ಮಾತ್ರ ಸಿಗುವುದರಿಂದ, ಹೆಸರು ಮತ್ತು ನೋಂದಣಿ ಸಂಖ್ಯೆ ಅಳಿಸಿದ ದಾಖಲೆಯನ್ನು ಮಂಡಳಿ ಮತ್ತು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ (ಎನ್‌ಐಸಿ) ಸಂಶೋಧಕರಿಗೆ ಒದಗಿಸಬೇಕಾಗುತ್ತದೆ.