ಹೊಳೆದಂಡೆಯ ಗೊಮ್ಮಟ: ವೇಣೂರು ಕ್ಷೇತ್ರದ ನಾಲ್ಕು ಶತಮಾನ

ಶ್ರವಣಬೆಳಗೊಳದ ಬಾಹುಬಲಿಯನ್ನು ಕಾಣಬೇಕಾದರೆ ಬೆಟ್ಟ ಹತ್ತಬೇಕು. ಕಾರ್ಕಳದಲ್ಲೂ ಬಂಡೆಯ ಮೆಟ್ಟಿಲು ಏರಬೇಕು. ವೇಣೂರಿನಲ್ಲಿ ಪೇಟೆಯ ರಸ್ತೆಯಿಂದ ನಾಲ್ಕು ಹೆಜ್ಜೆ ಒಳಗೆ ಹೋದರೆ ಸಾಕು. ಕೋಲೂರಿಕೊಂಡು ಬರುವ ಅಜ್ಜಿಯೂ, ಸೊಂಟದಲ್ಲಿ ಕೂಸು ಹೊತ್ತ ತಾಯಿಯೂ ಯಾರ ಹಂಗಿಲ್ಲದೆ ಪಾದದ ಬಳಿ ನಿಲ್ಲಬಹುದು. ಅಳತೆಯ ಮಾತು ಬಂದಾಗಲೆಲ್ಲ ಬೆಳಗೊಳದ್ದು 58 ಅಡಿ, ಕಾರ್ಕಳದ್ದು 42, ವೇಣೂರಿನದು 35 ಎಂದು ಇದನ್ನು ಕೊನೆಗೆ ಹೇಳುವ ರೂಢಿಯಿದೆ. ಆದರೆ ವೇಣೂರಿನ ಹಿರಿಮೆಯನ್ನು ಅಡಿಗೋಲಿನಿಂದ ಅಳೆಯಲಾಗದು. ಈ ಗೊಮ್ಮಟ ಬೆಟ್ಟದವನಲ್ಲ, ಹೊಳೆದಂಡೆಯವನು.

ಆ ಹೊಳೆ ಫಲ್ಗುಣಿ. ಕುದುರೆಮುಖದ ಕಡೆಯ ಘಟ್ಟದಲ್ಲಿ ಹುಟ್ಟಿ, ಬೆಳ್ತಂಗಡಿ ತಾಲ್ಲೂಕಿನ ವೇಣೂರನ್ನು ಬಳಸಿಕೊಂಡು ಪಡುವಣಕ್ಕೆ ಹರಿಯುತ್ತದೆ. ಮುಂದೆ ಪುಚ್ಚಮೊಗರಿನಲ್ಲಿ ಮೂಡುಬಿದಿರೆಯವರಿಗೆ ಕುಡಿಯುವ ನೀರಾಗುತ್ತದೆ. ಬಂಟ್ವಾಳ ತಾಲ್ಲೂಕಿನ ಪೊಳಲಿಯಲ್ಲಿ ರಾಜರಾಜೇಶ್ವರಿಯ ಸನ್ನಿಧಿಯನ್ನು ಹಾದು, ಗುರುಪುರದಲ್ಲಿ ಆ ಊರಿನ ಹೆಸರನ್ನೇ ಹೊತ್ತು, ಮಂಗಳೂರಿನ ಅಳಿವೆಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ನಾಲ್ಕು ತಾಲ್ಲೂಕುಗಳನ್ನು ಹೊಲಿದ ದಾರ ಇದು. ಮೂಡುಬಿದಿರೆಯಿಂದ ಸುಮಾರು 20 ಕಿಲೋಮೀಟರ್ ದೂರದ ಪುಟ್ಟ ಊರು ವೇಣೂರು ಒಂದು ಕಾಲದಲ್ಲಿ ರಾಜಧಾನಿಯಾಗಿತ್ತೆಂದರೆ ಈಗಿನ ಪೇಟೆ ನೋಡಿದವರು ನಂಬಲಾರರು.

ತುಳುನಾಡು ಆಗ ಹಲವು ಅರಸು ಮನೆತನಗಳಲ್ಲಿ ಹಂಚಿಹೋಗಿತ್ತು. ಮೂಡುಬಿದಿರೆಯಲ್ಲಿ ಚೌಟರು, ಬಂಗಾಡಿ ಮತ್ತು ನಂದಾವರದಲ್ಲಿ ಬಂಗರು, ಕಾರ್ಕಳದಲ್ಲಿ ಭೈರರಸರು, ವೇಣೂರಿನಲ್ಲಿ ಅಜಿಲರು. ಎಲ್ಲರೂ ಜೈನರು, ಅಳಿಯಕಟ್ಟಿನವರು. ವೇಣೂರಿನ ಶಾಸನದಲ್ಲೇ ಅದಕ್ಕೆ ಸಾಕ್ಷಿಯಿದೆ. ಮೂರ್ತಿಯ ಎರಡೂ ಮಗ್ಗುಲಲ್ಲಿ ಬರಹವಿದೆ, ಒಂದು ಸಂಸ್ಕೃತ, ಇನ್ನೊಂದು ಕನ್ನಡ. ಮೂರ್ತಿ ನಿಲ್ಲಿಸಿದ ತಿಮ್ಮರಾಜ ಅಲ್ಲಿ ರಾಯಕುವರನ ಅಳಿಯ, ಪಾಂಡ್ಯಕದೇವಿಯ ಮಗ, ಚಾವುಂಡರಾಯನ ವಂಶದವನು. ಗುರುತು ಹೇಳುವುದು ಮಾವನಿಂದ, ತಾಯಿಯಿಂದ. ಬೆಳಗೊಳದ ಚಾರುಕೀರ್ತಿಗಳ ಪ್ರೇರಣೆಯಿಂದ ಈ ಕೆಲಸ ನಡೆಯಿತು ಎಂಬುದೂ ಅಲ್ಲೇ ಇದೆ. ಕಾಲ ಶಕ 1525, ಶೋಭಕೃತು ಸಂವತ್ಸರದ ಫಾಲ್ಗುಣ. ಇಂದಿನ ಲೆಕ್ಕದಲ್ಲಿ 1604.

ಫಾಲ್ಗುಣ ಎಂಬ ಮಾತನ್ನು ಇಲ್ಲಿ ಸ್ವಲ್ಪ ತಡೆದು ನೋಡಬೇಕು. ಕಾರ್ಕಳದ ಗೊಮ್ಮಟನನ್ನು ವೀರಪಾಂಡ್ಯ 1432ರಲ್ಲಿ ನಿಲ್ಲಿಸಿದ್ದೂ ಫಾಲ್ಗುಣದಲ್ಲೇ. ಮುಹೂರ್ತದ ಕಾರಣ ಜ್ಯೋತಿಷಿಗಳಿಗೆ ಬಿಟ್ಟದ್ದು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಈ ಸೀಮೆಯಲ್ಲಿ ಹುಟ್ಟಿದವರಿಗೆ ಇನ್ನೊಂದು ಕಾರಣವೂ ಹೊಳೆಯುತ್ತದೆ. ಆ ಹೊತ್ತಿಗೆ ಗದ್ದೆಯ ಬೆಳೆ ಕಣಜ ಸೇರಿರುತ್ತದೆ, ಜನರ ಕೈ ಬಿಡುವಾಗಿರುತ್ತದೆ, ಕೆಸರು ಒಣಗಿ ನೆಲ ಗಟ್ಟಿಯಾಗಿರುತ್ತದೆ, ಹೊಳೆ ಬತ್ತಿ ಮರಳು ತೋರಿರುತ್ತದೆ. ಇಡೀ ಕಲ್ಲಿನ ಮೂರ್ತಿಯೊಂದನ್ನು ಎಳೆದು ತರಲು ಬೇರೆ ಯಾವ ಕಾಲ ಒದಗೀತು? ಕೆಲವು ಮೈಲಿ ಆಚೆಯ ಕಲ್ಯಾಣಿ ಎಂಬಲ್ಲಿ ಇದನ್ನು ಕಡೆದು ಇಲ್ಲಿಗೆ ಸಾಗಿಸಿದರು ಎಂಬ ಹೇಳಿಕೆಯಿದೆ.

ಊರಿನವರು ಹೇಳುವ ಇನ್ನೊಂದು ಕತೆಯಲ್ಲಿ ಹೊಳೆಯೇ ಕಾವಲುಗಾರ್ತಿ. ವೇಣೂರಿನಲ್ಲೂ ಗೊಮ್ಮಟ ನಿಂತರೆ ಕಾರ್ಕಳದ ಕೀರ್ತಿಗೆ ಕುಂದೆಂದು ಅಲ್ಲಿಯ ಭೈರರಸ ಮೂರ್ತಿಯನ್ನು ತನಗೊಪ್ಪಿಸುವಂತೆ ಹೇಳಿ ಕಳಿಸಿದನಂತೆ. ತಿಮ್ಮರಾಜ ಒಪ್ಪಲಿಲ್ಲ. ದಂಡು ಬರುವ ಸುದ್ದಿ ಸಿಕ್ಕಾಗ ಮೂರ್ತಿಯನ್ನು ಫಲ್ಗುಣಿಯ ಮರಳಿನಲ್ಲಿ ಹೂತಿಟ್ಟ. ಗಂಡಾಂತರ ಕಳೆದ ಮೇಲೆ ತೆಗೆದು ನಿಲ್ಲಿಸಿದ. ಇದು ಶಾಸನದ ಮಾತಲ್ಲ, ಬಾಯಿಮಾತು. ಆದರೂ ತನ್ನ ಹೊಳೆಯನ್ನು ಇಷ್ಟು ನಂಬಿದ ಊರಿನ ಕತೆಯನ್ನು ಚರಿತ್ರೆಯ ಹೊರಗಿಡಲು ಮನಸ್ಸು ಬಾರದು.

ಬಾಹುಬಲಿಯ ಇಕ್ಕೆಲದಲ್ಲಿ ಅರಸಿಯರು ಕಟ್ಟಿಸಿದ ಪುಟ್ಟ ಬಸದಿಗಳಿವೆ. ಜನ ಅವನ್ನು ಅಕ್ಕಂಗಳ ಬಸದಿ ಎನ್ನುತ್ತಾರೆ. ಊರಿನಲ್ಲಿ ಕಲ್ಲು ಬಸದಿಯಿದೆ, ಮಹಾಲಿಂಗೇಶ್ವರ ದೇವಾಲಯವೂ ಇದೆ. ಅಜಿಲರ ಆಳ್ವಿಕೆ ಹದಿನೆಂಟನೆಯ ಶತಮಾನದಲ್ಲಿ ಕೊನೆಗೊಂಡಿತು. ಅರಮನೆ ಅಳದಂಗಡಿಯಲ್ಲಿ ಉಳಿಯಿತು. ರಾಜ್ಯ ಹೋಯಿತು, ಗೊಮ್ಮಟ ಮಾತ್ರ ನಾಲ್ಕು ನೂರಕ್ಕೂ ಹೆಚ್ಚು ಮಳೆಗಾಲಗಳನ್ನು ಬರಿಮೈಯಲ್ಲಿ ಕಂಡು ನಿಂತಿದ್ದಾನೆ. ಹತ್ತಿರ ಹೋಗಿ ಮೊಗ ನೋಡಿ: ಗಂಭೀರ ಮುಖ, ಆದರೆ ಕೆನ್ನೆಯಲ್ಲಿ ಗುಳಿ, ತುಟಿಯಂಚಿನಲ್ಲಿ ತಡೆದ ನಗು. ಮೂಡುಬಿದಿರೆಯ ರತ್ನಾಕರವರ್ಣಿ ಭರತ-ಬಾಹುಬಲಿಯರ ಕತೆಯನ್ನು ಕನ್ನಡದ ಸಾಂಗತ್ಯಕ್ಕೆ ತಂದದ್ದು ಇದಕ್ಕಿಂತ ಹಿಂದಿನ ತಲೆಮಾರುಗಳಲ್ಲಿ. ಆ ಕತೆ ಈ ಸೀಮೆಯ ಮನೆಮಾತಾಗಿದ್ದಾಗಲೇ ಶಿಲ್ಪಿ ಉಳಿ ಹಿಡಿದನೆಂದು ನಾನು ಭಾವಿಸುತ್ತೇನೆ. ಗೆದ್ದೂ ಬಿಟ್ಟುಕೊಟ್ಟವನ ಸಮಾಧಾನ ಆ ನಗುವಿನಲ್ಲಿದೆ.

ಇಪ್ಪತ್ತನೆಯ ಶತಮಾನದಲ್ಲಿ ಮಹಾಮಸ್ತಕಾಭಿಷೇಕ 1928ರಲ್ಲಿ, ಅನಂತರ 1956ರಲ್ಲಿ ನಡೆಯಿತು. ಆಮೇಲೆ ನಲವತ್ತನಾಲ್ಕು ವರ್ಷ ಅಟ್ಟಳಿಗೆ ಏರಲಿಲ್ಲ. 1956ರಲ್ಲಿ ಅಪ್ಪನ ಹೆಗಲ ಮೇಲೆ ಕೂತು ನೋಡಿದ ಮಕ್ಕಳು 2000ದಲ್ಲಿ ಮೊಮ್ಮಕ್ಕಳ ಕೈ ಹಿಡಿದು ಬರುವ ವಯಸ್ಸಿನವರಾಗಿದ್ದರು. ಅಲ್ಲಿಂದ ಮುಂದೆ ಹನ್ನೆರಡು ವರ್ಷದ ಕ್ರಮ ತಪ್ಪಿಲ್ಲ: 2012, 2024. ನೀರು, ಎಳನೀರು, ಕಬ್ಬಿನ ಹಾಲು, ಹಾಲು, ಅಕ್ಕಿಹಿಟ್ಟು, ಅರಸಿನ, ಕಷಾಯ, ಚಂದನ. ಒಂದೊಂದಕ್ಕೂ ಕಲ್ಲಿನ ಬಣ್ಣ ಬದಲಾಗುತ್ತದೆ. ಅರಸಿನದ ಹೊತ್ತಿಗೆ ಕೆಳಗೆ ನಿಂತವರೂ ಅಲ್ಲಿ ಹಳದಿಯಾಗುತ್ತಾರೆ. ಮೂರ್ತಿಗೂ ಜನಕ್ಕೂ ಅಷ್ಟು ಕಡಿಮೆ ಅಂತರ.

ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯಲ್ಲಿ 1956ರ ಅಭಿಷೇಕ ಕಂಡ ಹಿರಿಯರಿದ್ದರೆ, ಅವರ ಪಕ್ಕ ಒಂದು ಸಂಜೆ ಕುಳಿತುಕೊಳ್ಳಿ. ಯಾವ ದಾರಿಯಲ್ಲಿ ಬಂದರು, ಹೊಳೆ ಹೇಗೆ ದಾಟಿದರು, ಎಲ್ಲಿ ಉಂಡರು, ರಾತ್ರಿ ಎಲ್ಲಿ ಮಲಗಿದರು ಎಂಬುದನ್ನೆಲ್ಲ ಕೇಳಿ ಬರೆದಿಡಿ. ಅರಸರ ಮಾತು ಕಲ್ಲಿನ ಮೇಲಿದೆ. ಜನರ ಮಾತು ಇರುವುದು ಅವರ ನೆನಪಿನಲ್ಲಿ ಮಾತ್ರ, ಅವರಿಗೆ ಈಗ ಎಂಬತ್ತರ ಆಸುಪಾಸು.