ಹೊಸ್ತಿಲಿನೊಳಗಣ ಕಟ್ಟಳೆ: 2020ರ ಇಂಗ್ಲೆಂಡಿನಲ್ಲಿ ಗೃಹಕೂಟಗಳ ಮಿತಿ

ಮಹಾಮಾರಿಗಳ ಚರಿತ್ರೆಯನ್ನು ಬರೆದವರು ಸಾವುನೋವುಗಳ ಲೆಕ್ಕವನ್ನೂ ವೈದ್ಯರ ಶೋಧನೆಗಳನ್ನೂ ವಿಸ್ತಾರವಾಗಿ ವರ್ಣಿಸಿದ್ದಾರೆ. ರೋಗದ ಕಾಲದಲ್ಲಿ ಒಬ್ಬನ ಮನೆಗೆ ಎಷ್ಟು ಮಂದಿ ನೆಂಟರು ಬರಬಹುದು ಎಂಬ ಪ್ರಶ್ನೆ ಮಾತ್ರ ಅವರ ಗಮನವನ್ನು ಹೆಚ್ಚಾಗಿ ಸೆಳೆದಂತೆ ಕಾಣುವುದಿಲ್ಲ. ಅದು ಕ್ಷುಲ್ಲಕವಾದ ಪ್ರಶ್ನೆಯೆಂದು ತೋರುವುದು ಸಹಜವೇ. ಆದರೆ ಕೋವಿಡ್ ವ್ಯಾಧಿ ಹಬ್ಬಿದ 2020 ಮತ್ತು 2021ರಲ್ಲಿ, ಸರ್ಕಾರದ ಮಾತುಗಳಲ್ಲಿ ಆಜ್ಞೆ ಯಾವುದು, ಸಲಹೆ ಯಾವುದು ಎಂಬ ರಾಜ್ಯಾಂಗದ ಹಿರಿಯ ಪ್ರಶ್ನೆ ಇಂಗ್ಲೆಂಡಿನಲ್ಲಿ ಈ ಕ್ಷುಲ್ಲಕ ಪ್ರಶ್ನೆಯ ಬೆನ್ನೇರಿಯೇ ಬಂದಿತು. ಜನ ಆಗ ಗೊಂದಲಕ್ಕೆ ಒಳಗಾದರೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಅದಕ್ಕೆ ಅವರ ಅಜ್ಞಾನವೋ ಅಸಡ್ಡೆಯೋ ಕಾರಣವೆಂದು ಹೇಳುವವರೂ ಉಂಟು. ದಿನಾಂಕಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಿದರೆ ಈ ಅಭಿಪ್ರಾಯ ನಿಲ್ಲಲಾರದೆಂಬುದು ಪ್ರಸ್ತುತ ಲೇಖಕನ ಎಣಿಕೆ.

ಆಂಗ್ಲರ ನ್ಯಾಯಪರಂಪರೆಯಲ್ಲಿ ಮನೆಗೆ ವಿಶೇಷವಾದ ಸ್ಥಾನವಿದೆ. 1604ರಲ್ಲಿ ಸೆಮೇನನ ಮೊಕದ್ದಮೆಯಲ್ಲಿ, ಪ್ರತಿಯೊಬ್ಬನಿಗೂ ಅವನ ಮನೆಯೇ ಕೋಟೆ ಎಂಬ ತತ್ತ್ವ ನೆಲೆಗೊಂಡಿತು. ಅದನ್ನು ವರದಿ ಮಾಡಿದವನು ಪ್ರಸಿದ್ಧ ನ್ಯಾಯವೇತ್ತನಾದ ಎಡ್ವರ್ಡ್ ಕೋಕ್. ಅದೇ ವರ್ಷ ಒಂದನೆಯ ಜೇಮ್ಸ್ ದೊರೆಯ ಪಾರ್ಲಿಮೆಂಟು ಪ್ಲೇಗಿನ ಕಾಯಿದೆಯೊಂದನ್ನು ಮಾಡಿತು. ಸೋಂಕು ತಗುಲಿದವರನ್ನು ಮನೆಯೊಳಗೆ ತಡೆದಿಡಲು ಕಾವಲುಗಾರರು ಬಲವನ್ನು ಪ್ರಯೋಗಿಸಬಹುದೆಂದೂ, ಮೈಮೇಲೆ ಪ್ಲೇಗಿನ ಗಂಟಿದ್ದು ಅಪ್ಪಣೆಯನ್ನು ಮೀರಿ ಜನರ ನಡುವೆ ತಿರುಗಿದವನಿಗೆ ಮರಣದಂಡನೆಯಾಗಬಹುದೆಂದೂ ಅದರಲ್ಲಿ ವಿಧಿಸಲಾಗಿತ್ತು. ಮನೆಯನ್ನು ಕೋಟೆಯೆಂದ ತೀರ್ಪೂ ಅದನ್ನು ಸೆರೆಯಾಗಿಸಿದ ಕಾಯಿದೆಯೂ ಒಂದೇ ವರ್ಷದಲ್ಲಿ ಹುಟ್ಟಿದುದು ಕೇವಲ ಆಕಸ್ಮಿಕವಿರಬಹುದು; ಆದರೂ ಚರಿತ್ರಕಾರನಿಗೆ ಅದು ಉಪಯುಕ್ತವಾದ ಆಕಸ್ಮಿಕ. 1665ರ ಮಹಾಪ್ಲೇಗಿನಲ್ಲಿ ಲಂಡನ್ನಿನ ಮೇಯರನು ಹೊರಡಿಸಿದ ಆಜ್ಞೆಗಳು ನಾಟಕಗಳನ್ನೂ ಕರಡಿಯ ಕಾದಾಟವನ್ನೂ ಸಾರ್ವಜನಿಕ ಔತಣಗಳನ್ನೂ ನಿಲ್ಲಿಸಿದುವು. ಸೋಂಕಿದ ಮನೆಯ ಬಾಗಿಲ ಮೇಲೆ ಕೆಂಪು ಶಿಲುಬೆಯನ್ನು ಬರೆಯಿಸಿದುವು. ಅಂಥ ಮನೆಯೊಳಗೆ ನೆರೆಯವರು ಕಾಲಿಡಬಾರದು, ಅಲ್ಲಿಂದ ಹೊರಟ ಶವದ ಹಿಂದೆ ಗೆಳೆಯರು ನಡೆಯಬಾರದು ಎಂದು ಕಟ್ಟುಮಾಡಿದುವು. ಇವು ಕ್ರೂರವಾದ ಆಜ್ಞೆಗಳೆಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೆ ಅಸ್ಪಷ್ಟವಾದವುಗಳಲ್ಲ. ಬಾಗಿಲ ಮೇಲೆ ಶಿಲುಬೆಯಿದ್ದರೆ ಒಳಗೆ ಹೋಗಬಾರದೆಂಬುದು ಅಕ್ಷರ ಬಾರದವನಿಗೂ ತಿಳಿಯುತ್ತಿತ್ತು. ಆರೋಗ್ಯವಾಗಿದ್ದವನ ಊಟದ ಮೇಜಿನ ಸುತ್ತ ಎಷ್ಟು ಜನ ಕುಳಿತಿದ್ದಾರೆಂದು ಯಾರೂ ಎಣಿಸಲಿಲ್ಲ. 1918ರ ಇನ್‌ಫ್ಲುಯೆಂಜಾ ಕಾಲದಲ್ಲಿಯೂ ಸರ್ಕಾರದ ಕೈ ಸಿನಿಮಾ ಮಂದಿರಗಳ ಗಾಳಿಯಾಟದವರೆಗೆ ಹೋಯಿತೇ ಹೊರತು ಮನೆಯ ಅತಿಥಿಗಳವರೆಗೆ ಹೋಗಲಿಲ್ಲ. ಅದು ಹೋದುದು 2020ರಲ್ಲಿ.

ಇದಕ್ಕೆ ಆಧಾರವಾದುದು 1984ರ ಸಾರ್ವಜನಿಕ ಆರೋಗ್ಯ ಕಾಯಿದೆ. ಅದಕ್ಕೆ 2008ರಲ್ಲಿ ಸೇರಿಸಿದ ಭಾಗವೊಂದು ಮಂತ್ರಿಗಳಿಗೆ ವಿಶಾಲವಾದ ಅಧಿಕಾರವನ್ನು ಕೊಟ್ಟಿತ್ತು. ತುರ್ತು ಎಂದು ಮಂತ್ರಿಗೆ ತೋರಿದರೆ ಪಾರ್ಲಿಮೆಂಟಿನ ಒಪ್ಪಿಗೆಗಿಂತ ಮೊದಲೇ ನಿಬಂಧನೆಗಳನ್ನು ಜಾರಿಗೆ ತಂದು, ಒಪ್ಪಿಗೆಯನ್ನು 28 ದಿನಗಳೊಳಗೆ ಪಡೆಯಬಹುದಾಗಿತ್ತು. 2020ರ ಮಾರ್ಚ್ 23ರ ಸಂಜೆ ಪ್ರಧಾನಮಂತ್ರಿ ಬೋರಿಸ್ ಜಾನ್ಸನ್ ದೂರದರ್ಶನದಲ್ಲಿ ಕಾಣಿಸಿಕೊಂಡು ಎಲ್ಲರೂ ಮನೆಯಲ್ಲಿಯೇ ಇರಬೇಕೆಂದು ಆಜ್ಞಾಪಿಸಿದನು. ಆ ಆಜ್ಞೆಗೆ ಕಾನೂನಿನ ಬಲ ಬಂದುದು ಮಾರ್ಚ್ 26ರ ಮಧ್ಯಾಹ್ನ ಒಂದು ಗಂಟೆಗೆ. ನಡುವಣ ಎರಡೂವರೆ ದಿನಗಳು ದೇಶ ಪಾಲಿಸಿದುದು ಒಂದು ಭಾಷಣವನ್ನು! ಮಾತು ಮೊದಲು, ಕಾನೂನು ಆಮೇಲೆ ಎಂಬ ಈ ಕ್ರಮವೇ ಮುಂದೆ ರೂಢಿಯಾಯಿತು. ಕಾನೂನು ಬಂದಾಗಲೂ ಅದರಲ್ಲಿ ಮನೆಯೊಳಗಿನ ಕೂಟದ ಮಾತು ನೇರವಾಗಿ ಇರಲಿಲ್ಲ. ಸಾರ್ವಜನಿಕ ಸ್ಥಳದಲ್ಲಿ ಇಬ್ಬರಿಗಿಂತ ಹೆಚ್ಚು ಮಂದಿ ಸೇರಬಾರದು. ಸಮಂಜಸವಾದ ಕಾರಣವಿಲ್ಲದೆ ಯಾರೂ ತಮ್ಮ ಮನೆಯನ್ನು ಬಿಡಬಾರದು. ಹೀಗಾಗಿ ಅತಿಥಿಯು ತನ್ನ ಹೊಸ್ತಿಲನ್ನು ದಾಟಿದ್ದಕ್ಕಾಗಿ ತಪ್ಪಿತಸ್ಥನಾಗುತ್ತಿದ್ದನೇ ಹೊರತು ಆತಿಥೇಯನ ಮನೆಯಲ್ಲಿ ಕುಳಿತದ್ದಕ್ಕಾಗಿ ಅಲ್ಲ.

ಜೂನ್ 1ರಂದು ಈ ರಚನೆ ಬದಲಾಯಿತು. ಮನೆ ಬಿಡಬಾರದೆಂಬ ಕಟ್ಟು ಸಡಿಲವಾಗಿ, ಕೂಟವೇ ಅಪರಾಧವಾಯಿತು. ಹೊರಗೆ ಆರು ಮಂದಿಯವರೆಗೆ ಸೇರಬಹುದು, ಒಳಗೆ ಬೇರೆ ಬೇರೆ ಸಂಸಾರದ ಇಬ್ಬರು ಸಹ ಸೇರಬಾರದು. ಜೂನ್ 13ರಿಂದ, ಒಬ್ಬರೇ ವಯಸ್ಕರಿರುವ ಸಂಸಾರದವರು ಇನ್ನೊಂದು ಸಂಸಾರವನ್ನು ಆರಿಸಿಕೊಂಡು ಅದರೊಂದಿಗೆ ಒಂದಾಗಬಹುದೆಂಬ ವಿನಾಯಿತಿ ಬಂದಿತು. ಇದನ್ನು ಜನ ‘ಬಬಲ್’ ಎಂದು ಕರೆದರು. ಏಕಾಂಗಿಗಳಾದ ಮುದುಕರ ಪಾಲಿಗೆ ಇದು ದೊಡ್ಡ ಉಪಕಾರವಾಗಿರಬೇಕು.

ಗೊಂದಲದ ನಿಜವಾದ ಮೂಲವನ್ನು ಜುಲೈ 4ರ ನಿಬಂಧನೆಗಳಲ್ಲಿ ಕಾಣಬಹುದು. ಆ ದಿನ ಪಾನಗೃಹಗಳು ಮತ್ತೆ ತೆರೆದುವು. ಕಾನೂನಿನ ಪ್ರಕಾರ ಒಂದು ಮನೆಯಲ್ಲಿ 30ಕ್ಕಿಂತ ಹೆಚ್ಚು ಜನ ಸೇರುವುದು ಮಾತ್ರ ಅಪರಾಧ. ಆದರೆ ಸರ್ಕಾರದ ಪ್ರಕಟಣೆಗಳು ಹೇಳಿದ್ದೇನು? ಮನೆಯೊಳಗೆ ಎರಡು ಸಂಸಾರಗಳಿಗಿಂತ ಹೆಚ್ಚು ಸೇರಕೂಡದೆಂದು. ಮೂರು ಸಂಸಾರಗಳ ಒಂಬತ್ತು ಮಂದಿ ಒಟ್ಟಿಗೆ ಕುಳಿತು ಉಂಡರೆ ಅವರು ಕಾನೂನನ್ನು ಮುರಿದಂತಾಗುತ್ತಿರಲಿಲ್ಲ, ಸಲಹೆಯನ್ನು ಮುರಿದಂತಾಗುತ್ತಿತ್ತು. ಸಲಹೆಗೂ ಕಾನೂನಿಗೂ ಅಂತರವಿರುವುದು ತಪ್ಪಲ್ಲ. ವೈದ್ಯನು ಹೇಳುವುದೆಲ್ಲವನ್ನೂ ಪೊಲೀಸಿನವನು ಜಾರಿಮಾಡಬೇಕಾಗಿಲ್ಲ. ಆದರೆ ಎರಡನ್ನೂ ಒಂದೇ ವೇದಿಕೆಯಿಂದ, ಒಂದೇ ಧ್ವನಿಯಲ್ಲಿ, ‘ಕೂಡದು’ ಎಂಬ ಒಂದೇ ಕ್ರಿಯಾಪದದಿಂದ ಹೇಳಿದಾಗ ಕೇಳುವವನಿಗೆ ಅಂತರ ತಿಳಿಯುವ ಬಗೆ ಯಾವುದು? ಅಂತರ ತಿಳಿದರೆ ಜನ ಸಲಹೆಯನ್ನು ಕಡೆಗಣಿಸಿಯಾರೆಂಬ ಭಯ ಇದಕ್ಕೆ ಕಾರಣವಾಗಿದ್ದಿರಬಹುದೆಂದು ಊಹಿಸಬಹುದಾಗಿದೆ.

ಇಲ್ಲಿ ‘ಸಂಸಾರ’ ಎಂಬ ಪದದ ವಿಷಯವಾಗಿ ಒಂದು ಮಾತು. ಆಂಗ್ಲರು ಎಣಿಸಿದುದು ರಕ್ತಸಂಬಂಧವನ್ನಲ್ಲ, ಒಂದು ಸೂರಿನ ಕೆಳಗಣ ವಾಸವನ್ನು. ಪಕ್ಕದ ಬೀದಿಯಲ್ಲಿದ್ದ ಮಗಳು ತಾಯಿಗೆ ಬೇರೆ ಸಂಸಾರದವಳು. ಬಾಡಿಗೆಯ ಮನೆಯನ್ನು ಹಂಚಿಕೊಂಡ ನಾಲ್ವರು ಅಪರಿಚಿತ ವಿದ್ಯಾರ್ಥಿಗಳು ಒಂದೇ ಸಂಸಾರದವರು. ನಮ್ಮ ಜನಗಣತಿಯವರು ಒಂದೇ ಅಡಿಗೆಮನೆಯಲ್ಲಿ ಉಣ್ಣುವವರನ್ನು ಒಂದಾಗಿ ಎಣಿಸುತ್ತಾರೆಂಬುದನ್ನು ವಾಚಕರು ಬಲ್ಲರು. ಅದೇ 2020ರ ಮೇ ತಿಂಗಳಲ್ಲಿ ಭಾರತ ಸರ್ಕಾರ ಮದುವೆಗೆ 50, ಅಂತ್ಯಕ್ರಿಯೆಗೆ 20 ಎಂದು ಮಿತಿ ಹಾಕಿದಾಗ, ಅದು ಸಮಾರಂಭವನ್ನು ನೋಡಿ ತಲೆಗಳನ್ನು ಎಣಿಸಿತು. ಇಂಗ್ಲೆಂಡಿನ ಲೆಕ್ಕ ಒಮ್ಮೆ ತಲೆಗಳದು, ಒಮ್ಮೆ ಸಂಸಾರಗಳದು, ಒಮ್ಮೊಮ್ಮೆ ಎರಡೂ.

ಜುಲೈ 30ರ ಘಟನೆ ಇವೆಲ್ಲಕ್ಕಿಂತ ಶೋಚನೀಯವಾದುದು. ಆ ರಾತ್ರಿ ಒಂಬತ್ತು ಗಂಟೆ ದಾಟಿದ ಮೇಲೆ ಆರೋಗ್ಯಮಂತ್ರಿ ಮ್ಯಾಟ್ ಹ್ಯಾನ್‌ಕಾಕ್ ಟ್ವಿಟರ್ ಮೂಲಕ ಒಂದು ಪ್ರಕಟಣೆಯನ್ನು ಹೊರಡಿಸಿದನು: ಗ್ರೇಟರ್ ಮ್ಯಾಂಚೆಸ್ಟರಿನಲ್ಲಿಯೂ ಪೂರ್ವ ಲ್ಯಾಂಕಷೈರ್ ಮತ್ತು ಪಶ್ಚಿಮ ಯಾರ್ಕ್‌ಷೈರ್‌ಗಳ ಕೆಲವು ಭಾಗಗಳಲ್ಲಿಯೂ ಬೇರೆ ಬೇರೆ ಸಂಸಾರದವರು ಮನೆಯೊಳಗೆ ಸೇರಕೂಡದು, ಇದು ನಡುರಾತ್ರಿಯಿಂದ ಜಾರಿ. ಮರುದಿನ ಬಕ್ರೀದ್. ಆ ಪ್ರದೇಶಗಳಲ್ಲಿ ಮುಸಲ್ಮಾನರ ಸಂಖ್ಯೆ ಗಣನೀಯವಾದುದು. ಹಬ್ಬದ ಅಡಿಗೆಗೆ ಸಿದ್ಧತೆಯಾಗಿ, ನೆಂಟರಿಗೆ ಕರೆ ಹೋಗಿ, ಇನ್ನು ಮೂರು ಗಂಟೆಯೂ ಉಳಿದಿಲ್ಲದಿರುವಾಗ ಬಂದ ಈ ಮಾತು ಆಜ್ಞೆಯೇ, ಸಲಹೆಯೇ? ಇದನ್ನು ಜಾರಿಮಾಡುವ ಕಾನೂನು ಬಂದುದು ಆಗಸ್ಟ್ 5ರಂದು. ಎಂದರೆ ಹಬ್ಬದ ದಿನ ತಂದೆಯ ಮನೆಗೆ ಹೋಗಿ ಉಂಡು ಬಂದ ಮಗನು ಯಾವ ಹೊಸ ಕಾನೂನನ್ನೂ ಮುರಿಯುತ್ತಿರಲಿಲ್ಲ. ಆದರೆ ಹೆಚ್ಚಿನವರು ಹೋಗಲಿಲ್ಲವೆಂದೇ ನಂಬಬೇಕಾಗಿದೆ. ರೋಗ ಏರುತ್ತಿದ್ದುದು ನಿಜ, ತ್ವರೆ ಅಗತ್ಯವಾಗಿದ್ದುದೂ ನಿಜ. ಕಾನೂನನ್ನು ಬರೆಯಲು ಆರು ದಿನ ಕಾಯಬಹುದಾಗಿದ್ದವರಿಗೆ ಹೇಳಲು ಆರು ಗಂಟೆ ಕಾಯಲಾಗಲಿಲ್ಲವೇಕೆ ಎಂಬುದಕ್ಕೆ ತೃಪ್ತಿಕರವಾದ ಉತ್ತರ ದೊರೆಯಲಿಲ್ಲ.

ಸೆಪ್ಟೆಂಬರ್ 14ರಿಂದ ‘ಆರರ ನಿಯಮ’ ಬಂದಿತು. ಒಳಗಾಗಲಿ ಹೊರಗಾಗಲಿ ಆರು ಮಂದಿಗಿಂತ ಹೆಚ್ಚು ಸೇರಬಾರದು. ಈ ಸಲ ಸಲಹೆಯೂ ಕಾನೂನೂ ಒಂದೇ ಅಂಕೆಯನ್ನು ಹೇಳಿದುವು. ಗೊಂದಲವನ್ನು ಕಳೆಯುವುದೇ ಇದರ ಉದ್ದೇಶವೆಂದು ಸರ್ಕಾರ ಹೇಳಿಕೊಂಡಿತು. ಆದರೂ ನಿಬಂಧನೆಗಳ ಪಾಠ ಪ್ರಕಟವಾದುದು ಜಾರಿಗೆ ಬರುವ ಹಿಂದಿನ ರಾತ್ರಿ, ನಡುರಾತ್ರಿ ಸಮೀಪಿಸುತ್ತಿದ್ದಾಗ. ಗುಂಪುಗಳು ಪರಸ್ಪರ ‘ಬೆರೆಯ’ಬಾರದೆಂದು ಅದರಲ್ಲಿತ್ತು, ಬೆರೆಯುವುದೆಂದರೇನೆಂಬ ವ್ಯಾಖ್ಯೆ ಇರಲಿಲ್ಲ. ದಾರಿಯಲ್ಲಿ ಎದುರಾದ ಎರಡು ಕುಟುಂಬಗಳು ನಿಂತು ಮಾತನಾಡಿದರೆ ಅದೂ ಬೆರೆಯುವುದೇ ಎಂದು ಗೃಹಮಂತ್ರಿ ಪ್ರೀತಿ ಪಟೇಲರು ಅಭಿಪ್ರಾಯಪಟ್ಟರು. ಎಳೆಯ ಮಕ್ಕಳನ್ನು ಇಂಗ್ಲೆಂಡಿನಲ್ಲಿ ಎಣಿಸಬೇಕಾಗಿತ್ತು. ಸ್ಕಾಟ್ಲೆಂಡಿನಲ್ಲಿ 12 ವರ್ಷಕ್ಕೆ ಕೆಳಗಿನವರನ್ನೂ ವೇಲ್ಸಿನಲ್ಲಿ 11 ವರ್ಷಕ್ಕೆ ಕೆಳಗಿನವರನ್ನೂ ಬಿಡಬಹುದಾಗಿತ್ತು. ಗಂಡ, ಹೆಂಡತಿ, ಮೂರು ಮಕ್ಕಳಿರುವ ಮನೆಗೆ ಅಜ್ಜ ಅಜ್ಜಿಯರಲ್ಲಿ ಒಬ್ಬರು ಬಂದು ಇನ್ನೊಬ್ಬರು ಹೊರಗೆ ನಿಲ್ಲಬೇಕು. ಬಂದೂಕು ಹಿಡಿದು ಹಕ್ಕಿಬೇಟೆಗೆ ಹೊರಟವರ ತಂಡಕ್ಕೆ ಮಾತ್ರ ಕ್ರೀಡೆಯೆಂಬ ಕಾರಣದಿಂದ ವಿನಾಯಿತಿ. ಸ್ಥಳೀಯ ಕಟ್ಟಳೆಗಳು ಇದರ ಮೇಲೆ ಬೆಳೆಯುತ್ತ ಹೋದುವು. ಸೆಪ್ಟೆಂಬರ್ 29ರಂದು ಸ್ವತಃ ಪ್ರಧಾನಮಂತ್ರಿಯೇ ಈಶಾನ್ಯ ಇಂಗ್ಲೆಂಡಿನ ನಿಯಮವನ್ನು ತಪ್ಪಾಗಿ ಹೇಳಿ ಕ್ಷಮೆ ಕೇಳಿದನು. ನಿಯಮವನ್ನು ಮಾಡಿದವನೇ ಎಡವಿದ ದಾರಿಯಲ್ಲಿ ಕೇಳಿದವನು ಎಡವಿದರೆ ಆಶ್ಚರ್ಯವೇನು?

ಅಕ್ಟೋಬರಿನ ಮೂರು ಶ್ರೇಣಿಗಳನ್ನೂ ನವೆಂಬರಿನ ಎರಡನೆಯ ದಿಗ್ಬಂಧನವನ್ನೂ ಇಲ್ಲಿ ವಿವರಿಸುವ ಅಗತ್ಯವಿಲ್ಲ. ಕ್ರಿಸ್ಮಸ್ಸಿನ ವಿಷಯವನ್ನು ಮಾತ್ರ ಹೇಳಬೇಕು. ಡಿಸೆಂಬರ್ 23ರಿಂದ 27ರವರೆಗೆ ಮೂರು ಸಂಸಾರಗಳು ಒಂದು ಮನೆಯಲ್ಲಿ ಸೇರಬಹುದೆಂದು ನವೆಂಬರ್ 24ರಂದೇ ಸಾರಲಾಗಿತ್ತು. ಹೊಸ ಬಗೆಯ ವೈರಾಣು ವೇಗವಾಗಿ ಹಬ್ಬುತ್ತಿದೆಯೆಂದು ತಿಳಿದ ಮೇಲೆ ಡಿಸೆಂಬರ್ 19ರಂದು ಆ ಮಾತನ್ನು ಹಿಂತೆಗೆದುಕೊಳ್ಳಲಾಯಿತು. ಲಂಡನ್ನಿಗೂ ಆಗ್ನೇಯ ಭಾಗದ ಬಹುಪಾಲಿಗೂ ಸಂಪೂರ್ಣ ನಿಷೇಧ, ಉಳಿದೆಡೆ ಒಂದು ದಿನದ ಅನುಮತಿ. ವಿಜ್ಞಾನದ ದೃಷ್ಟಿಯಿಂದ ಈ ನಿರ್ಣಯವನ್ನು ದೂಷಿಸಲಾಗದು. ಬದಲಾಗುವ ರೋಗದ ಮುಂದೆ ಬದಲಾಗದ ನಿಯಮ ಮೂರ್ಖತನವೇ ಸರಿ. ಆದರೆ ಒಂಬತ್ತು ತಿಂಗಳು ಮಾತಿಗೂ ಕಾನೂನಿಗೂ ಭೇದವನ್ನು ಅಳಿಸುತ್ತ ಬಂದವರಿಗೆ, ನಂಬಿಕೆ ಅತ್ಯಂತ ಅಗತ್ಯವಾದ ಆ ದಿನ ಅದು ತೆಳುವಾಗಿತ್ತು.

ಪೊಲೀಸರೂ ಈ ಗೊಂದಲಕ್ಕೆ ಹೊರತಾಗಿರಲಿಲ್ಲ. ಕೊರೋನಾ ವೈರಸ್ ಕಾಯಿದೆಯ ಕೆಳಗೆ ಮೊದಲ ವಾರಗಳಲ್ಲಿ ಹೂಡಿದ ಮೊಕದ್ದಮೆಗಳನ್ನು ಸರ್ಕಾರಿ ಅಭಿಯೋಜಕರು 2020ರ ಮೇ ತಿಂಗಳಲ್ಲಿ ಪುನರ್ವಿಮರ್ಶೆ ಮಾಡಿದಾಗ, ಅವುಗಳಲ್ಲಿ ಒಂದೂ ಸರಿಯಾಗಿರಲಿಲ್ಲ. 2021ರ ಮಧ್ಯಭಾಗದ ವೇಳೆಗೆ ಇಂಗ್ಲೆಂಡ್ ಮತ್ತು ವೇಲ್ಸುಗಳಲ್ಲಿ ಕೊಟ್ಟ ದಂಡದ ಚೀಟಿಗಳು ಒಂದು ಲಕ್ಷವನ್ನು ಮೀರಿದ್ದುವು. ಈ ಅಂಕಿಯನ್ನೇ ನೋಡಿ ಜನ ಅವಿಧೇಯರಾಗಿದ್ದರೆಂದು ತೀರ್ಮಾನಿಸುವುದು ತಪ್ಪು. ಕಾನೂನು ಕೇಳಿದುದಕ್ಕಿಂತ ಹೆಚ್ಚಾಗಿ ಪಾಲಿಸಿದವರಿಗೆ ಯಾರೂ ಚೀಟಿ ಕೊಡುವುದಿಲ್ಲ. ಅವರ ಸಂಖ್ಯೆ ಯಾವ ದಫ್ತರದಲ್ಲಿಯೂ ದಾಖಲಾಗುವುದಿಲ್ಲ. ಹೋಗಬಹುದಾಗಿದ್ದ ಮನೆಗೆ ಹೋಗದೆ ಉಳಿದವರ ಚರಿತ್ರೆಯನ್ನು ದಿನಚರಿಗಳಲ್ಲಿ, ಪತ್ರಗಳಲ್ಲಿ ಹುಡುಕಬೇಕು.

ದಫ್ತರಿನಲ್ಲಿ ದಾಖಲಾದ ಕೂಟಗಳಲ್ಲಿ ಅತ್ಯಂತ ಪ್ರಸಿದ್ಧವಾದುವು ಡೌನಿಂಗ್ ಬೀದಿಯವು. ಹತ್ತನೆಯ ನಂಬರಿನ ಆ ಕಟ್ಟಡ ಪ್ರಧಾನಮಂತ್ರಿಯ ಅಧಿಕೃತ ನಿವಾಸವೂ ಹೌದು, ಕಚೇರಿಯೂ ಹೌದು. ಕೆಲಸಕ್ಕೆ ಅಗತ್ಯವಾದ ಕೂಟಕ್ಕೆ ಕಾನೂನಿನಲ್ಲಿ ವಿನಾಯಿತಿಯಿತ್ತು. ಒಳಗೆ ಇಬ್ಬರೂ ಸೇರಬಾರದೆಂಬ ನಿಯಮವಿದ್ದ 2020ರ ಜೂನ್ 19ರಂದು ಅಲ್ಲಿ ಪ್ರಧಾನಿಯ ಹುಟ್ಟುಹಬ್ಬಕ್ಕೆ ನಡೆದ ಕೂಟ ಕೆಲಸದ್ದೇ ಅಲ್ಲವೇ ಎಂಬುದೇ ಪ್ರಶ್ನೆಯಾಯಿತು. 2022ರ ಏಪ್ರಿಲಿನಲ್ಲಿ ಜಾನ್ಸನ್ ಆ ಕೂಟಕ್ಕಾಗಿ ದಂಡ ತೆತ್ತನು. ಇಂಥ ಹಲವು ಕೂಟಗಳನ್ನು ಕುರಿತು ಲಂಡನ್ ಪೊಲೀಸರು 83 ಮಂದಿಗೆ ಕೊಟ್ಟ ಚೀಟಿಗಳು ಒಟ್ಟು 126. ಅದಕ್ಕೆ ಮೊದಲು, 2021ರ ಡಿಸೆಂಬರ್ 1ರಂದು, ಆತನು ಕಾಮನ್ಸ್ ಸಭೆಯಲ್ಲಿ ಕೊಟ್ಟ ಭರವಸೆ ತನ್ನ ಕಚೇರಿಯಲ್ಲಿ ಸಲಹೆಗಳನ್ನೆಲ್ಲ ಪೂರ್ಣವಾಗಿ ಪಾಲಿಸಲಾಯಿತು ಎಂಬುದಾಗಿತ್ತು. ಆತನು ಆಡಿದ ಪದ ಕಾನೂನು ಎಂಬುದಲ್ಲ, ಸಲಹೆ ಎಂಬುದು. ಸಭೆಯ ಹಕ್ಕುಬಾಧ್ಯತೆಗಳ ಸಮಿತಿ ಕಾನೂನಿನ ಜೊತೆಗೆ ಸಲಹೆಯನ್ನೂ ಬೇರೆಯಾಗಿಟ್ಟು ಪರೀಕ್ಷಿಸಿ, ಆತನು ಸಭೆಯನ್ನು ಬುದ್ಧಿಪೂರ್ವಕವಾಗಿ ದಾರಿತಪ್ಪಿಸಿದನೆಂದು 2023ರ ಜೂನ್ 15ರಂದು ವರದಿ ಮಾಡಿತು. ಇಂಗ್ಲೆಂಡಿನ ಮನೆಗಳಲ್ಲಿ ಅತಿಥಿಗಳನ್ನು ಎಣಿಸುವ ಕಟ್ಟಳೆಗಳು 2021ರ ಜುಲೈ 19ರಂದೇ ರದ್ದಾಗಿದ್ದುವು.